ಅಂಗಳದ ಮುಂಗೋಪಿಗಳು

ಗೇರುಹಣ್ಣು ಉದುರಿ ಮಾವು ಬಲಿಯುವ ಹೊತ್ತಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಮನೆಯಲ್ಲೂ ಒಂದೇ ದೂರು ಕೇಳಿಸುತ್ತದೆ. ಬಟ್ಟೆ ಒಣಗಿಸಲು ಅಂಗಳಕ್ಕಿಳಿದವರ ತಲೆಗೆ ಕಾಗೆ ಬಡಿಯಿತು. ಜಗಲಿಯಲ್ಲಿ ತೂಕಡಿಸುತ್ತಿದ್ದ ಬೆಕ್ಕಿನ ಮೇಲೆ ನಾಲ್ಕಾರು ಹಕ್ಕಿಗಳು ಸೇರಿ ಗಲಾಟೆ ಎಬ್ಬಿಸಿ ಅದನ್ನು ಹಟ್ಟಿಗೆ ಅಟ್ಟಿದವು. ಹಕ್ಕಲು ಗದ್ದೆಯಲ್ಲಿ ದನ ಕಟ್ಟಲು ಹೋದವರ ಹಿಂದೆ ಹೊರಟ ನಾಯಿ ಬಾಲ ಮುದುರಿಕೊಂಡು ವಾಪಸು ಬಂತು. ಇದಕ್ಕೆ ಒಬ್ಬೊಬ್ಬರದು ಒಂದೊಂದು ಮದ್ದು. ಕಾಗೆ ಮುಟ್ಟಿದ್ದು ಅಪಶಕುನವೆಂದು ತಲೆಗೆ ಮಿಂದು ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚುವವರಿದ್ದಾರೆ, ಕವಣೆ ಹುಡುಕುವವರಿದ್ದಾರೆ, ಆಳು ಕರೆಸಿ ಕೊಂಬೆಯನ್ನೇ ಕಡಿಸುವವರೂ ಇದ್ದಾರೆ. ಹಕ್ಕಿ ಯಾಕೆ ಎರಗುತ್ತದೆ, ಯಾರ ಮೇಲೆ ಎರಗುತ್ತದೆ, ಕೊನೆಗೆ ನಷ್ಟವಾಗುವುದು ಯಾರಿಗೆ ಎಂದು ಕೇಳುವವರು ಮಾತ್ರ ಕಡಿಮೆ.

ವರ್ಷವಿಡೀ ಜಗಳ ಕಾಯುವ ಹಕ್ಕಿ ನಮ್ಮ ಹಿತ್ತಿಲಲ್ಲಿ ಅಪರೂಪ. ಜಗಳಕ್ಕೊಂದು ಕಾಲವಿದೆ. ಗರುಡ ಡಿಸೆಂಬರಿನಿಂದ ಏಪ್ರಿಲ್ ನಡುವೆ ಗೂಡು ಕಟ್ಟುತ್ತದೆ. ಕಾಜಾಣ, ಮಡಿವಾಳ, ಊರಕಾಗೆಗಳದು ಬೇಸಿಗೆ ಸಂಸಾರ, ಮಳೆ ಬಲವಾಗುವ ಮೊದಲೇ ಮುಗಿಯಬೇಕು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭಕ್ಕೆ ಮಾರ್ಚ್‌ನಿಂದ ಆಗಸ್ಟ್‌ವರೆಗೂ ಕಾಲ. ಈ ತಿಂಗಳುಗಳಲ್ಲೂ ಸಿಟ್ಟಿನ ಮಟ್ಟ ಒಂದೇ ಸಮನೆ ಇರುವುದಿಲ್ಲ. ಮೊಟ್ಟೆ ಹೋದರೆ ಮತ್ತೆ ಇಡಬಹುದು, ರೆಕ್ಕೆ ಬಲಿಯುತ್ತಿರುವ ಮರಿ ಹೋದರೆ ಆ ವರ್ಷದ ಶ್ರಮವೆಲ್ಲ ನೀರಿಗೆ ಬಿದ್ದಂತೆ. ಹಾಗಾಗಿ ಮರಿ ದೊಡ್ಡದಾದಷ್ಟೂ ತಂದೆತಾಯಿಗಳ ಧೈರ್ಯ ಏರುತ್ತದೆ. ಹಾರಲು ಬಾರದ ಮರಿ ಗೂಡಿನಿಂದ ನೆಲಕ್ಕೆ ಇಳಿದ ದಿನಗಳಲ್ಲಿ ಅದು ನೆತ್ತಿಗೇರುತ್ತದೆ. ‘ಇದ್ದಕ್ಕಿದ್ದಂತೆ ಕಾಗೆಗೆ ಹುಚ್ಚು ಹಿಡಿದಿದೆ’ ಎಂದು ಯಾರಾದರೂ ಹೇಳಿದರೆ ಹತ್ತಿರದ ಬೇಲಿಯಲ್ಲೋ ಬಾಳೆಯ ಬುಡದಲ್ಲೋ ಮರಿಯೊಂದು ಕೂತಿದೆ ಎಂದು ಹೆಚ್ಚುಕಮ್ಮಿ ಖಾತ್ರಿಯಾಗಿ ಹೇಳಬಹುದು.

ಗಾತ್ರ ನೋಡಿ ಹೆದರುವವರಿಗೆ ಕಾಜಾಣ ಒಳ್ಳೆಯ ಉತ್ತರ. ಬಾಲವೂ ಸೇರಿ ಒಂದಡಿಯೂ ಇಲ್ಲದ, ಐವತ್ತು ಗ್ರಾಮಿನ ಆಸುಪಾಸು ತೂಗುವ ಈ ಕಪ್ಪು ಹಕ್ಕಿ ಗೂಡಿನ ಬಳಿ ಸುಳಿದ ಹದ್ದು, ಗರುಡ, ಕಾಗೆ ಯಾವುದನ್ನೂ ಬಿಡುವುದಿಲ್ಲ. ಬೈಲಿನ ಮೇಲೆ ನಡೆಯುವ ಈ ಅಟ್ಟಾಟವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಗರುಡ ತೆಂಗಿನ ಸಾಲು ದಾಟಿ ಬರುತ್ತಿದ್ದಂತೆ ಕಾಜಾಣ ತಂತಿಯಿಂದ ನೆಗೆದು ಅದಕ್ಕಿಂತ ಮೇಲಕ್ಕೆ ಏರುತ್ತದೆ. ಎದುರಿನಿಂದ ಹೋಗುವುದಿಲ್ಲ; ಬೆನ್ನ ಮೇಲಿನಿಂದ ಧುಮುಕಿ ಕತ್ತಿನ ಹಿಂದೆ ಕುಕ್ಕಿ, ಗರುಡ ಉಗುರು ತಿರುಗಿಸುವಷ್ಟರಲ್ಲಿ ಪಕ್ಕಕ್ಕೆ ಜಾರಿ ಮತ್ತೆ ಮೇಲೇರುತ್ತದೆ. ಭಾರದ ಹಕ್ಕಿ ಅಷ್ಟು ಚುರುಕಾಗಿ ತಿರುಗಲಾರದು. ಎರಡು ಮೂರು ಏಟಿಗೆ ಅದು ದಾರಿ ಬದಲಿಸುತ್ತದೆ. ಗಡಿ ದಾಟಿದ ಮೇಲೆ ಕಾಜಾಣ ಬೆನ್ನಟ್ಟುವುದಿಲ್ಲ, ಅದಕ್ಕೆ ಬೇಕಿದ್ದುದು ಅಷ್ಟೇ.

ಈ ಕಾವಲಿನ ಲಾಭ ಬೇರೆಯವರಿಗೂ ಸಿಗುತ್ತದೆ. ಪಾರಿವಾಳ ಜಾತಿಯ ಬೆಳವಗಳು, ಹೊನ್ನಕ್ಕಿ, ಪಿಕಳಾರಗಳು ಕಾಜಾಣ ಇರುವ ಮರದಲ್ಲೋ ಪಕ್ಕದ ಮರದಲ್ಲೋ ಗೂಡು ಕಟ್ಟುತ್ತವೆಂಬುದು ಹಕ್ಕಿ ನೋಡುವವರು ಹಿಂದಿನಿಂದಲೂ ಬರೆದಿಟ್ಟ ಸಂಗತಿ. ಉತ್ತರ ಭಾರತದ ಹಳ್ಳಿಗಳಲ್ಲಿ ಇದನ್ನು ‘ಕೋತ್ವಾಲ್’ ಎನ್ನುತ್ತಾರೆ. ಅದೇ ಕಾಜಾಣದ ಗೂಡಿನ ಕೆಳಗೆ ಮಲಗುವ ಬೆಕ್ಕಿನ ಬಾಳು ಮಾತ್ರ ಕಷ್ಟ. ಹಾಡಿಯ ಒಳಗಿನ ಸಂಬಂಧಿ ಭೀಮರಾಜನದು ಇನ್ನೊಂದು ಬಗೆ. ಕೊಲ್ಲೂರಿನ ಕಡೆಯ ಕಾಡಂಚಿನ ತೋಟಗಳಲ್ಲಿ ಬಿಜ್ಜಿನ ಕೂಗು ಕೇಳಿ ಕೋಳಿಗಳು ಚದುರಿದಾಗ ತಲೆಯೆತ್ತಿ ನೋಡಿದರೆ ಕೆಲವೊಮ್ಮೆ ಕೊಂಬೆಯಲ್ಲಿ ಬಿಜ್ಜು ಇರುವುದೇ ಇಲ್ಲ, ಉದ್ದ ಬಾಲದ ಭೀಮರಾಜ ಕೂತಿರುತ್ತದೆ. ಪರರ ದನಿ ಅಣಕಿಸುವುದರಲ್ಲಿ ಇದರ ವಂಶವೇ ಪಳಗಿದೆ. ಆಫ್ರಿಕದ ಕಾಲಹಾರಿಯಲ್ಲಿ ಇದರ ದಾಯಾದಿಯೊಂದು ಬೇರೆ ಪ್ರಾಣಿಗಳ ಅಪಾಯದ ಕೂಗನ್ನು ಸುಳ್ಳಾಗಿ ಕೂಗಿ, ಅವು ಓಡಿದ ಮೇಲೆ ಬಿಟ್ಟುಹೋದ ಆಹಾರ ಕದಿಯುವುದನ್ನು ಸಂಶೋಧಕರು 2014ರಲ್ಲಿ ವಿವರವಾಗಿ ಪ್ರಕಟಿಸಿದ್ದಾರೆ.

ಕಾಗೆಯ ವಿಷಯಕ್ಕೆ ಬಂದರೆ ಮಾತು ಉದ್ದವಾಗುತ್ತದೆ. ದೂರುಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಶ್ರಾದ್ಧದ ದಿನ ಎಲೆಯಿಟ್ಟು ಕೈಮುಗಿದು ಕರೆಯುವ ಹಕ್ಕಿಯೂ ಇದೇ, ಮರುದಿನ ಕಲ್ಲೆಸೆದು ಓಡಿಸುವ ಹಕ್ಕಿಯೂ ಇದೇ. ‘ಹ್ವಾಯ್, ಕಾಣಿ ಮಾರ್ರೆ, ಈ ಕಾಕಿ ನಂಗೊಬ್ಬಳಿಗೇ ಹೊಡಿತ್’ ಎಂಬ ದೂರನ್ನು ಹೊರಗಿನವರು ಕೇಳಿ ನಗಬಹುದು. ನಗುವಂಥದ್ದೇನೂ ಇಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಮತ್ತವರ ಜೊತೆಗಾರರು 2006ರಲ್ಲಿ ಗುಹಾಮಾನವನ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು, ಉಂಗುರ ತೊಡಿಸಿ ಬಿಟ್ಟರು. ಆಮೇಲೆ ಅದೇ ಮುಖವಾಡ ತೊಟ್ಟು ಯಾರು ನಡೆದರೂ ಕಾಗೆಗಳು ಬೈದು ಬೆನ್ನಟ್ಟಿದವು. ಬೇರೆ ಮುಖವಾಡದವರನ್ನು ಸುಮ್ಮನೆ ಬಿಟ್ಟವು. ವರ್ಷಗಳು ಕಳೆದರೂ ಮರೆಯಲಿಲ್ಲ, ಮೊದಲು ಸಿಕ್ಕಿಬೀಳದಿದ್ದ ಕಾಗೆಗಳೂ ಬೈಗುಳಕ್ಕೆ ಸೇರಿಕೊಂಡವು. ಅದು ಅಮೆರಿಕದ ಕಾಗೆ, ನಮ್ಮದು ಬೇರೆ ಪ್ರಭೇದ. ಆದರೂ ಕುಲ ಒಂದೇ, ಬುದ್ಧಿಯೂ ಅದೇ ಪೈಕಿ. ಹೋದ ವರ್ಷ ಗೂಡಿಗೆ ಕೋಲು ಹಾಕಿದವರನ್ನು ಈ ವರ್ಷ ಕಾಗೆ ಗುರುತು ಹಿಡಿದರೆ ಶನಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ವೈರಿ ಯಾರೆಂಬುದನ್ನು ಹಕ್ಕಿಗಳು ಒಂದರಿಂದ ಒಂದು ಕಲಿಯುತ್ತವೆ ಎನ್ನುವುದಕ್ಕೆ ಇನ್ನೂ ಹಳೆಯ ಸಾಕ್ಷಿಯಿದೆ. ಜರ್ಮನಿಯ ಎಬರ್‌ಹಾರ್ಡ್ ಕೂರಿಯೊ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾರಿಗೂ ಕೇಡು ಮಾಡದ ಹಕ್ಕಿಯೊಂದನ್ನು ಶತ್ರುವೆಂದು ನಂಬುವಂತೆ ಕರಿಹಕ್ಕಿಗಳಿಗೆ ಕಲಿಸಲಾಯಿತು. ಒಂದು ಹಕ್ಕಿ ಬೈಯುವುದನ್ನು ನೋಡಿ ಇನ್ನೊಂದು ಕಲಿಯಿತು, ಅದನ್ನು ನೋಡಿ ಮತ್ತೊಂದು. ಪ್ಲಾಸ್ಟಿಕ್ ಬಾಟಲಿಯೊಂದಕ್ಕೂ ಬೈಯಲು ಅವು ಕಲಿತವು. ಪಾಪದ ಬೆಕ್ಕೊಂದು ಯಾವ ಮರಿಯನ್ನೂ ಮುಟ್ಟದೆ ಕೇರಿಯಿಡೀ ಕುಖ್ಯಾತವಾಗುವುದು ಹೀಗೆ.

ಕಾಗೆಯ ಇನ್ನೊಂದು ಆಟಕ್ಕೂ ಗೂಡಿಗೂ ಸಂಬಂಧವಿಲ್ಲ, ಅದು ಹೊಟ್ಟೆಪಾಡು. ಗಂಗೊಳ್ಳಿ ಬಂದರಿನ ಬದಿಯಲ್ಲಿ ಬಂಗುಡೆಯ ತಲೆ ಕಚ್ಚಿಕೊಂಡು ಕೂತ ನಾಯಿಯ ಮುಂದೆ ಒಂದು ಕಾಗೆ ಕುಪ್ಪಳಿಸುತ್ತಾ ಬರುತ್ತದೆ, ಹಿಂದೆ ಇನ್ನೊಂದು. ಹಿಂದಿನದು ಬಾಲದ ತುದಿಯ ಕೂದಲು ಹಿಡಿದು ಜಗ್ಗುತ್ತದೆ. ನಾಯಿ ಗುರ್ರೆಂದು ತಿರುಗಿದ ಆ ಚಣಕ್ಕೆ ಮುಂದಿನದು ಮೀನಿನ ತಲೆ ಎತ್ತಿಕೊಂಡು ಹಾರುತ್ತದೆ. ನಾಯಿ ತಿರುಗದೆ ಗಟ್ಟಿಯಾಗಿ ಕೂತರೆ ಮತ್ತೆ ಜಗ್ಗು, ಮತ್ತೆ ಜಗ್ಗು. ಬೆಕ್ಕಿಗೂ ಇದೇ ಪಾಠ. ಹಾಗೆಂದು ಬಂದರಿನ ನಾಯಿ ಬಡಕಲಾಗಿದ್ದನ್ನು ಯಾರೂ ಕಂಡಿಲ್ಲ. ಅಲ್ಲಿ ಇಬ್ಬರಿಗೂ ಸಾಕಾಗುವಷ್ಟು ಬೀಳುತ್ತದೆ.

ನನ್ನ ಪ್ರಕಾರ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲೇ, ಹೀಗೆ ಬೀಳುವ ಕಸದಲ್ಲಿ. ಮೀನಿನ ತಲೆ, ಕರುಳು, ಹೋಟೆಲಿನ ಅನ್ನ, ಮದುವೆ ಮಂಟಪದ ಹಿಂದಿನ ಎಲೆರಾಶಿ, ಹೆದ್ದಾರಿ ಬದಿಗೆ ಎಸೆದ ಕೋಳಿ ಪುಕ್ಕದ ಚೀಲ. ಕಾಗೆಗೆ ಇಷ್ಟು ಊಟ ಬಡಿಸಿದವರು ನಾವು. ಊರಕಾಗೆ ಹೆಸರಿಗೆ ತಕ್ಕಂತೆ ಊರನ್ನು ಬಿಟ್ಟು ಬದುಕದು, ಕಾಡಿನೊಳಗೆ ಅದು ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ. ಆಗಷ್ಟೇ ಮರಿ ಮಾಡಿ ಮುಗಿಸಿದ ಕಾಗೆಗಳ ದೊಡ್ಡ ಸಂಸಾರ ಬಂದರು ಬಿಟ್ಟು ಮನೆಗಳತ್ತ ಹೊರಳಿದರೆ ಅದರಲ್ಲಿ ಆಶ್ಚರ್ಯವೇನು? ಹೆಚ್ಚಾದ ಕಾಗೆಗಳ ಬೆಲೆ ತೆರುವವರು ನಾಯಿ ಬೆಕ್ಕುಗಳಲ್ಲ, ಬೇಲಿಯ ಸಣ್ಣ ಹಕ್ಕಿಗಳು. ದಾಸವಾಳದ ಗಿಡದಲ್ಲಿ ಪಿಕಳಾರ ಕಟ್ಟಿದ ಬಟ್ಟಲು ಗೂಡನ್ನು ಕಾಗೆ ಖಾಲಿ ಮಾಡುತ್ತದೆ. ಮಟಪಕ್ಷಿ, ಕೆಂಬೂತಗಳೂ ಈ ಕಳ್ಳತನ ಮಾಡುತ್ತವೆ, ಆದರೆ ಅವು ಅಲ್ಲೊಂದು ಇಲ್ಲೊಂದು, ಕಾಗೆಗಳದು ಹಿಂಡು.

ಆ ಕಾಗೆಗೂ ಒಬ್ಬ ಯಜಮಾನನಿದ್ದಾನೆ. ಹೆಣ್ಣು ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ಅದರ ಮರಿ ಕಾಗೆಮರಿಗಿಂತ ಎರಡು ಮೂರು ದಿನ ಮೊದಲೇ ಹೊರಬಂದು ಗುಟುಕಿಗೆ ಬಾಯಿ ತೆರೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕರಿಯ ಗಂಡು ಕೋಗಿಲೆಯನ್ನು ಕಾಗೆಗಳು ಮರದಿಂದ ಮರಕ್ಕೆ ಅಟ್ಟುವುದು ಸುಮ್ಮನೆ ಅಲ್ಲ. ಕೋಗಿಲೆಯ ದನಿಗೆ ಕವಿತೆ ಬರೆದವರು ಕಾಗೆಯ ಈ ಸಂಕಟಕ್ಕೆ ಒಂದು ಸಾಲನ್ನಾದರೂ ಮೀಸಲಿಡಬಹುದಿತ್ತು.

ಕೋಳಿ ಸಾಕುವವರ ವ್ಯಾಜ್ಯ ಬೇರೆ. ಅವರಿಗೆ ಗರುಡ, ಹದ್ದು, ಬಿಜ್ಜು ಮೂವರೂ ಆರೋಪಿಗಳು. ಗರುಡ ಹೆಚ್ಚಾಗಿ ಸತ್ತ ಮೀನು, ಏಡಿ, ಬಂದರಿನ ಕಸ ನಂಬಿದ ಹಕ್ಕಿ. ಮರಿ ಸಾಕುವ ತಿಂಗಳಲ್ಲಿ ಅಂಗಳದ ಕೋಳಿಮರಿಗೂ ಕೈ ಹಾಕುತ್ತದೆ. ಬಿಜ್ಜು ಓತಿಕ್ಯಾತ, ಅಳಿಲು, ಸಣ್ಣ ಹಕ್ಕಿ ಹಿಡಿದು ತಿನ್ನುವ ನಿಜವಾದ ಬೇಟೆಗಾರ, ಎಲೆಗಳ ಮರೆಯಿಂದ ನೇರ ಬರುತ್ತದೆ. ಇವಕ್ಕೆಲ್ಲ ಹಿಂದಿನವರ ಉಪಾಯ ಸರಳ: ಮೊದಲ ಎರಡು ಮೂರು ವಾರ ಮರಿಗಳ ಮೇಲೆ ಹೆಡಗೆ ಕವುಚಿ, ಕಾವಲಿಗೆ ಹೇಂಟೆಯನ್ನೇ ಬಿಡುವುದು. ಮರಿ ಹಿಂದಿಟ್ಟುಕೊಂಡ ಹೇಂಟೆಯ ಮುಂದೆ ಕಾಗೆಯೂ ಹಿಂಜರಿಯುತ್ತದೆ. ಈಗ ಬಂದರಿನಿಂದ ತಂದ ಹಳೆಯ ನೈಲಾನ್ ಬಲೆ ಹರಡುವುದು ರೂಢಿಯಾಗಿದೆ. ಬಲೆಗೆ ಹದ್ದು ಬರುವುದಿಲ್ಲ, ನಿಜ. ಆದರೆ ಇಲಿ ಹುಡುಕಿ ಬಂದ ಕೇರೆ ಹಾವು ಅದರಲ್ಲಿ ಸಿಕ್ಕಿ ಬಿಸಿಲಿಗೆ ಸಾಯುತ್ತದೆ, ರಾತ್ರಿ ಗೂಬೆಯ ರೆಕ್ಕೆ ಸುತ್ತಿಕೊಳ್ಳುತ್ತದೆ. ಬಲೆ ಹಾಕಲೇಬೇಕಿದ್ದರೆ ನೆಲದಿಂದ ಎತ್ತರದಲ್ಲಿ ಬಿಗಿಯಾಗಿ ಎಳೆದು ಕಟ್ಟಬೇಕು. ನೆಲದಲ್ಲಿ ಮುದ್ದೆಯಾಗಿ ಬಿದ್ದ ಬಲೆ ಯಮಪಾಶ.

ಹಾವಿನ ಮಾತು ಬಂದದ್ದರಿಂದ ಹರಟೆಮಲ್ಲರನ್ನು ಬಿಡಲಾಗದು. ಆರೆಂಟು ಒಟ್ಟಿಗೇ ಓಡಾಡುವ ಈ ಮಣ್ಣುಬಣ್ಣದ ಹಕ್ಕಿಗಳು ತರಗೆಲೆ ಕೆದಕುವಾಗ ಹಾವು ಕಂಡರೆ ಇಡೀ ಹಿತ್ತಿಲಿಗೆ ಕೇಳುವಂತೆ ಕಿರುಚುತ್ತವೆ. ಅಳಿಲು, ಪಿಕಳಾರ, ಮಡಿವಾಳಗಳೂ ಬಂದು ಸೇರುತ್ತವೆ. ಮುಂಗುಸಿಗೂ ಹಗಲು ಹೊರಬಿದ್ದ ಗೂಬೆಗೂ ಇದೇ ಮೆರವಣಿಗೆ. ಹೊಂಚು ಹಾಕುವ ಪ್ರಾಣಿಗೆ ಗುಟ್ಟು ಬಯಲಾದ ಮೇಲೆ ಬೇಟೆ ದಕ್ಕುವುದಿಲ್ಲ. ಹಕ್ಕಿಗಳ ಉದ್ದೇಶವೂ ಅದೇ, ಕೊಲ್ಲುವುದಲ್ಲ. ಕಟ್ಟಿಗೆ ರಾಶಿಯ ಸುತ್ತ ಹರಟೆಮಲ್ಲರು ಗದ್ದಲ ಎಬ್ಬಿಸುತ್ತಿದ್ದರೆ ಅಲ್ಲಿಗೆ ಕೈ ಹಾಕಬಾರದೆಂದು ಹಳಬರು ಮಕ್ಕಳಿಗೆ ಹೇಳುತ್ತಿದ್ದುದು ಅನುಭವದ ಮಾತು. ನಾಯಿ ಆಗ ಮುಂದೆ ನುಗ್ಗಿದರೆ ಮೊದಲು ಹಿಂದಕ್ಕೆ ಕರೆಯಿರಿ. ನಾಗರವೋ ಕೊಳಕುಮಂಡಲವೋ ಆಗಿದ್ದರೆ ನಷ್ಟ ನಾಯಿಗೆ.

ಟಿಟ್ಟಿಭದ್ದು ಗದ್ದೆಯ ಕತೆ, ಹಿತ್ತಿಲಿನದ್ದಲ್ಲ. ಆದರೂ ನಾಯಿಯ ಜೊತೆ ಅದರ ತಕರಾರು ಎಲ್ಲಕ್ಕಿಂತ ಜೋರು. ಹಕ್ಕಲಿನಲ್ಲಿ, ಮುರಕಲ್ಲಿನ ಪಾದೆಯ ಮೇಲೆ ನಾಲ್ಕು ಕಲ್ಲು ಒಟ್ಟುಮಾಡಿ ನಡುವೆ ಇಟ್ಟ ಮೂರು ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಕಪ್ಪು ಚುಕ್ಕೆ, ತುಳಿಯುವವರೆಗೂ ಕಾಣದು. ಕಾವು ಸುಮಾರು 4 ವಾರ. ನಾಯಿ ಹತ್ತಿರ ಬಂದಾಗ ಗಂಡು ಹೆಣ್ಣು ಸರದಿಯಂತೆ ತಲೆಯ ಮಟ್ಟಕ್ಕೆ ಧುಮುಕುತ್ತವೆ. ದನ ಬಂದರೆ ರೆಕ್ಕೆ ಬಿಚ್ಚಿ ಎದುರಿಗೇ ನಿಲ್ಲುವುದೂ ಉಂಟು. ಬಿಡಾಡಿ ನಾಯಿಗಳು ಹೆಚ್ಚಿದ ಕಡೆ ಈ ಶೌರ್ಯಕ್ಕೆ ಫಲ ಕಡಿಮೆ.

ಕನ್ನಡಿಯ ಜೊತೆ ಕಾದಾಡುವ ಹಕ್ಕಿಗಳದು ನಗು ಬರಿಸುವ ಪ್ರಕರಣ. ಗಂಡು ಮಡಿವಾಳ, ಸೂರಕ್ಕಿಗಳು ಸ್ಕೂಟರಿನ ಕನ್ನಡಿಯಲ್ಲಿ ಕಂಡ ತಮ್ಮದೇ ಬಿಂಬವನ್ನು ಎದುರಾಳಿಯೆಂದು ತಿಳಿದು ಬೆಳಗಿನಿಂದ ಕುಕ್ಕುತ್ತವೆ. ಹಕ್ಕಿ ಬಳಲುತ್ತದೆ, ಸ್ಕೂಟರು ಹೊಲಸಾಗುತ್ತದೆ. ಕನ್ನಡಿಗೊಂದು ಬಟ್ಟೆ ಚೀಲ ತೊಡಿಸಿದರೆ ಸಾಕು. ನವಿಲು ಹೀಗೇ ಕಾರಿನ ಬಾಗಿಲನ್ನು ಕುಕ್ಕಿದಾಗ ಮಾತ್ರ ಮಾಲೀಕರಿಗೆ ನಗು ಬರುವುದಿಲ್ಲ. ನವಿಲು ದೇಶದ ಬಹುಭಾಗದಲ್ಲಿ ಹೆಚ್ಚಾಗಿದೆ ಎಂದು 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳುತ್ತದೆ. ನಮ್ಮ ಕಡೆ ಭತ್ತದ ಸಸಿ, ನೆಲಗಡಲೆ ಬೆಳೆದವರನ್ನು ಕೇಳಿದರೆ ವರದಿಯೇ ಬೇಡ.

ಕಣ್ಣಿಗೆ ಬೀಳದ ಇನ್ನೊಂದು ಕಾಳಗ ನಡೆಯುವುದು ತಲೆ ಹೋದ ತೆಂಗಿನ ಮರದಲ್ಲಿ. ಸಿಡಿಲು ಬಡಿದೋ ಕೆಂಪುಮೂತಿ ಹುಳ ತಿಂದೋ ಸುಳಿ ಸತ್ತ ಮರ ಬೋಳಾಗಿ ನಿಂತರೆ ಮರಕುಟಿಗ ಅದರಲ್ಲಿ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಮೇಲೆ ಗೊರವಂಕ, ಮಡಿವಾಳ, ಗಿಳಿ, ಹಾಲಕ್ಕಿ ಎಲ್ಲರಿಗೂ ಅದೇ ಬೇಕು. ಗೊರವಂಕ ಗುದ್ದಾಡಿ ಗೆಲ್ಲುವುದೇ ಹೆಚ್ಚು. ಮರದ ಪೊಟರೆಗಳು ಕಡಿಮೆಯಾದಷ್ಟೂ ಈ ಜಗಳ ಬಿರುಸಾಗುತ್ತದೆ. ತೋಟ ಚೊಕ್ಕವಿರಲೆಂದು ಬೋಳು ಮರವನ್ನೆಲ್ಲ ಉರುಳಿಸಿದವರು ಗೊರವಂಕವನ್ನು ಪುಂಡನೆಂದು ಬೈಯುವುದರಲ್ಲಿ ಅರ್ಥವಿಲ್ಲ. ಹುಳ ಹರಡುವ ಭಯವಿದ್ದರೆ ಕಡಿಯಲೇಬೇಕು, ಒಣಗಿ ವರ್ಷಗಳಾದ ಮರವನ್ನು ಬಿಡಬಹುದು.

ಹೊರಗೆ ಹೋದಾಗ ನಮ್ಮ ಹಕ್ಕಿಗಳ ಹೆಸರು ಇಷ್ಟೂ ಚೆನ್ನಾಗಿಲ್ಲ. ಹುಳ ತಿನ್ನಲೆಂದು 1860ರ ದಶಕದಲ್ಲಿ ಆಸ್ಟ್ರೇಲಿಯಕ್ಕೆ ಒಯ್ದ ನಮ್ಮ ಗೊರವಂಕ ಅಲ್ಲಿನ ಹಕ್ಕಿಗಳ ಪೊಟರೆ ಕಿತ್ತುಕೊಂಡು ಜನರ ಶಾಪಕ್ಕೆ ಗುರಿಯಾಗಿದೆ. ಜಗತ್ತಿನ ನೂರು ಕೆಟ್ಟ ವಲಸೆ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಮೂರು ಹಕ್ಕಿಗಳಲ್ಲಿ ಗೊರವಂಕ ಒಂದು, ಬಾಲದಡಿ ಕೆಂಪಿರುವ ನಮ್ಮ ಪಿಕಳಾರ ಇನ್ನೊಂದು. 1890ರ ದಶಕದಲ್ಲಿ ಜಾಂಜಿಬಾರಿಗೆ ತಂದ ಊರಕಾಗೆ ಪೂರ್ವ ಆಫ್ರಿಕದ ಕರಾವಳಿಯಿಡೀ ಹಬ್ಬಿತು. ಕಡೆಗೆ 2024ರಲ್ಲಿ ಕೀನ್ಯದ ವನ್ಯಜೀವಿ ಇಲಾಖೆ 10 ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಇಲ್ಲಿ ಕಾಗೆಯನ್ನು ಹತೋಟಿಯಲ್ಲಿಡಲು ಕೋಗಿಲೆಯಿದೆ. ಅಲ್ಲಿ ಅದಿಲ್ಲ, ಕಸ ಮಾತ್ರ ಇದೆ. ಇನ್ನು ಮೆಲ್ಬರ್ನ್, ಸಿಡ್ನಿಯಲ್ಲಿ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿನ ಮ್ಯಾಗ್‌ಪೈ ಹಕ್ಕಿಯ ಸುದ್ದಿ ಹೇಳುತ್ತಾರೆ. ಗೂಡಿನ ಕಾಲದಲ್ಲಿ ಸೈಕಲ್ ಸವಾರರ ಮೇಲೆ ಎರಗುವ ಅದಕ್ಕೆ ಹೆದರಿ ಹೆಲ್ಮೆಟ್ಟಿಗೆ ಮುಳ್ಳಿನಂತೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿಕೊಳ್ಳುವವರಿದ್ದಾರೆ. ಹಾಗೆ ಎರಗುವುದು ಗಂಡುಗಳಲ್ಲೂ ನೂರಕ್ಕೆ ಹತ್ತು ಸಹ ಇಲ್ಲ. ನಮ್ಮ ಕಾಗೆಗೆ ಹಾಳೆಯ ಮುಟ್ಟಾಳೆಯೋ ಬಿಚ್ಚಿದ ಕೊಡೆಯೋ ಧಾರಾಳ ಸಾಕು.

ಹಕ್ಕಿಯಿಂದ ಬೆಕ್ಕು ನಾಯಿಗೆ ಆಗುವ ಗಾಯವನ್ನೂ ಬೆಕ್ಕು ನಾಯಿಯಿಂದ ಹಕ್ಕಿಗೆ ಆಗುವ ನಷ್ಟವನ್ನೂ ತಕ್ಕಡಿಗೆ ಹಾಕಿದರೆ ತೂಕ ಎತ್ತ ವಾಲುತ್ತದೆಂಬುದರಲ್ಲಿ ಅನುಮಾನವಿಲ್ಲ. ಕಾಗೆ ಕುಕ್ಕಿ ದೊಡ್ಡ ಬೆಕ್ಕು ಸತ್ತ ಸುದ್ದಿ ಸಿಗುವುದಿಲ್ಲ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜಿಸಿತು. ಭಾರತದಲ್ಲಿ ನಾಯಿಗಳು 80 ಜಾತಿಯ ವನ್ಯಜೀವಿಗಳ ಮೇಲೆ ಎರಗಿದ ವರದಿಗಳನ್ನು 2018ರ ಸಮೀಕ್ಷೆ ಕಲೆಹಾಕಿತು. ನಾವು ಸಾಕಿ, ಅನ್ನ ಹಾಕಿ, ರಾತ್ರಿ ಹೊರಗೆ ಬಿಟ್ಟ ಪ್ರಾಣಿಗಳಿವು. ಕಾಗೆ, ಬೆಕ್ಕು, ನಾಯಿ ಮೂರೂ ನಮ್ಮ ತಟ್ಟೆಯ ಬಲದಿಂದ ಹೆಚ್ಚಾದವು. ಕಾಜಾಣ, ಟಿಟ್ಟಿಭಗಳು ತಮ್ಮ ಬಲದ ಮೇಲೆಯೇ ಬದುಕುತ್ತಿವೆ. ಇವೆಲ್ಲವನ್ನೂ ‘ಜಗಳಗಂಟಿ ಹಕ್ಕಿ’ ಎಂದು ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು.

ಕಾನೂನೂ ಈಗ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಊರಕಾಗೆ, ಇಲಿಗಳನ್ನು ಉಪದ್ರವಿಗಳೆಂದು ಸೇರಿಸಿದ್ದ ಪ್ರತ್ಯೇಕ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನವಿಲು ಮೊದಲ ಅನುಸೂಚಿಯ ಜೀವಿ. ಅದನ್ನು ಹೊಡೆದರೆ ಜೈಲು.

ಮನೆಯವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಕಾಗೆ ಎರಗುತ್ತಿದ್ದರೆ ಮೊದಲು ಮರಿ ಹುಡುಕಿ. ಕೊಡೆ ಹಿಡಿದು ಹೋಗಿ ಅದನ್ನೆತ್ತಿ ಎತ್ತರದ ಕೊಂಬೆಗೆ ಇಟ್ಟರೆ ತಾಯಿ ನೋಡಿಕೊಳ್ಳುತ್ತದೆ, ಕೈ ತಾಗಿದರೆ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಮರಿ ಹಾರುವವರೆಗೆ ನಾಯಿಯನ್ನು ಆ ಬದಿಯಲ್ಲಿ ಕಟ್ಟಬೇಡಿ, ಬೆಕ್ಕನ್ನು ಮುಂಜಾನೆ ಒಳಗಿಡಿ. ಮಾರ್ಚ್‌ನಿಂದ ಜೂನ್‌ವರೆಗೆ ಕೊಂಬೆ ಕಡಿಸುವ ಕೆಲಸ ಇಟ್ಟುಕೊಳ್ಳಬೇಡಿ. ಇಷ್ಟು ಮನೆಯಿಂದ ಆದೀತು. ಮೀನು ಮಾರುಕಟ್ಟೆ, ಬಂದರು, ಹೆದ್ದಾರಿ ಬದಿಯ ಕಸ ಮಾತ್ರ ಪಂಚಾಯಿತಿ ಪುರಸಭೆಗಳ ಕೆಲಸ. ಗಂಗೊಳ್ಳಿಯಿಂದ ಹಂಗಾರಕಟ್ಟೆಯವರೆಗೆ ಮೀನಿನ ಕಸಕ್ಕೆ ಮುಚ್ಚಳವಿರುವ ಡಬ್ಬಿ ಇಟ್ಟು ದಿನಾ ಸಾಗಿಸುವ ವ್ಯವಸ್ಥೆ ಆಗುವವರೆಗೆ ಕಾಗೆಯ ಮೇಲಿನ ದೂರನ್ನು ಕಾಗೆಯ ಬಳಿ ಒಯ್ಯಬೇಡಿ, ಮುಂದಿನ ಗ್ರಾಮಸಭೆಗೆ ಒಯ್ಯಿರಿ.